ತಿರುವೆಂಕಾಡಿನ ಶಿವನ ಖಾಲಿ ಕೈಗೆ ಏನರ್ಥ?

ರೇಖಾಚಿತ್ರ, ಮೈಸೂರು:
ತಂಜಾವೂರು ಅರಮನೆಯ ಆರ್ಟ್ ಗ್ಯಾಲರಿಯಲ್ಲಿ ತಿರುವೆಂಕಾಡಿನ ಕಂಚಿನ ಶಿವ ಇದ್ದಾನಲ್ಲ, ಅವನ ಸ್ಕೆಚ್ ಮಾಡುತ್ತಿದ್ದೇನೆ. ಎರಡೇ ಕೈ. ತ್ರಿಶೂಲ ಇಲ್ಲ, ಡಮರು ಇಲ್ಲ. ಕಾಲ ಮೇಲೆ ಕಾಲು ಹಾಕಿ ನಿಂತು, ಒಂದು ಕೈ ಮಡಿಸಿ ಗಾಳಿಯಲ್ಲಿ ಇಟ್ಟಿದ್ದಾನೆ. ಇದು ಯಾವ ಮುದ್ರೆ?

ಹೊಳೆದಂಡೆ:
ಮುದ್ರೆ ಅಲ್ಲ. ಇವನು ವೃಷಭವಾಹನ. ಪಕ್ಕದಲ್ಲಿ ಎತ್ತು ಇತ್ತು, ಅದರ ಮೇಲೆ ಕೈ ಊರಿದ್ದ. ಎತ್ತು ಈಗಿಲ್ಲ. ಶಾಸನದ ಪ್ರಕಾರ ಮೂರ್ತಿ 1011ರದ್ದು, ಚೋಳ ದೊರೆ ರಾಜರಾಜನ ಕಾಲ. ಜೊತೆಗಿರುವ ದೇವಿ ಮರುವರ್ಷದವಳು.

ಅಲಂಕಾರದವರು:
ನಾನು ದೇವಸ್ಥಾನದಲ್ಲಿ ಉತ್ಸವಮೂರ್ತಿಗೆ ಅಲಂಕಾರ ಮಾಡುವವನು. ನನಗೆ ಈ ಶಿವನಲ್ಲಿ ತುಂಬ ಇಷ್ಟವಾಗುವುದು ಅವನು ನಿಂತ ರೀತಿ. ಕೈಯಲ್ಲಿ ಏನಿದೆ ಅಂತ ಮಾತ್ರ ಹುಡುಕಿದರೆ ಅರ್ಧ ಮೂರ್ತಿ ತಪ್ಪಿಹೋಗುತ್ತದೆ. ನಟರಾಜನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಬಹುದು: ಡಮರು ಸೃಷ್ಟಿ, ಬೆಂಕಿ ಲಯ, ಕಾಲಡಿಯ ಕುಳ್ಳ ಅಪಸ್ಮಾರ ಅಜ್ಞಾನ. ಇಲ್ಲಿ ಹಾಗಲ್ಲ. ದೇವರು ತನ್ನ ಎತ್ತಿನ ಮೇಲೆ ಭಾರ ಬಿಟ್ಟು ಆರಾಮಾಗಿ ನಿಂತಿದ್ದಾನೆ. ಆ ಸಲಿಗೆಯೇ ಅರ್ಥ. ಎತ್ತು ಹೋದ ಮೇಲೂ ಅದರ ಎತ್ತರ ಎಷ್ಟಿತ್ತು ಅಂತ ಆ ಮೊಣಕೈ ಹೇಳುತ್ತದೆ, ಅಲ್ವಾ?

ಇನ್ನೊಂದು ಮಾತು. ಇಂಥ ಮೂರ್ತಿಗಳು ಮೆರವಣಿಗೆಗೆ ಹೊರಡುವಂಥವು. ಪೀಠದಲ್ಲಿ ತೂತು, ಬಳೆ ಇರುವುದು ಕೋಲು, ಹಗ್ಗ ಹಾಕಿ ಬಿಗಿಯಲು. ಬೀದಿಗೆ ಬಂದಾಗ ರೇಷ್ಮೆ, ಹೂವು, ಒಡವೆಗಳ ನಡುವೆ ಮುಖ, ಕೈ, ಪಾದ ಬಿಟ್ಟರೆ ಜಾಸ್ತಿ ಏನೂ ಕಾಣುವುದಿಲ್ಲ. ಬೆನ್ನು ಕಾಣುವುದು ಅಭಿಷೇಕ ಮಾಡುವವರಿಗೆ, ಬಟ್ಟೆ ಉಡಿಸುವವರಿಗೆ ಮಾತ್ರ. ಆದರೂ ಚೋಳರ ಶಿಲ್ಪಿಗಳು ಬೆನ್ನಿನ ಗೆರೆ, ಜಡೆ, ಹಿಂದಿನ ಗಂಟು ಒಂದನ್ನೂ ಸುಮ್ನೆ ಬಿಟ್ಟಿಲ್ಲ. ಆ ಬೆನ್ನುಗಳನ್ನು ನೋಡಿದಾಗೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ರೇಖಾಚಿತ್ರ, ಮೈಸೂರು:
ಈಗ ಆ ಮೊಣಕೈ ಅರ್ಥವಾಯಿತು. ಆದರೆ ಗಟ್ಟಿ ಲೋಹದಲ್ಲಿ ಮೈ ಇಷ್ಟು ಮೆತ್ತಗೆ ಕಾಣುವುದು ಹೇಗೆ?

ಮೇಣದಚ್ಚು:
ಮೊದಲು ಮಾಡುವುದು ಮೇಣದಲ್ಲಿ, ಅದಕ್ಕೇ. ಜೇನುಮೇಣಕ್ಕೆ ರಾಳ ಸೇರಿಸಿ ಇಡೀ ಮೂರ್ತಿ ತಿದ್ದುತ್ತಾರೆ. ಮೇಲೆ ನುಣುಪಾದ ಮಣ್ಣು ಬಳಿದು ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹೊರಗೆ ಬರುತ್ತದೆ. ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದೇ ಮೂರ್ತಿ ತೆಗೆಯಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಕುಂಭಕೋಣದ ಹತ್ತಿರ ಸ್ವಾಮಿಮಲೈಯಲ್ಲಿ ಇವತ್ತಿಗೂ ಹೀಗೇ ಕಾವೇರಿಯ ಮೆಕ್ಕಲು ಮಣ್ಣಿನಲ್ಲಿ ಎರಕ ಹೊಯ್ಯುತ್ತಾರೆ. ಮೇಣ ತೂಗಿ ಲೋಹದ ಲೆಕ್ಕ ಹಾಕುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟಿದ್ದಾನೆ.

ಸ್ಕೆಚ್ ಮಾಡುವಾಗ ತಲೆಯನ್ನು ಅವಸರದಲ್ಲಿ ಮುಗಿಸಬೇಡಿ. ರುಮಾಲು ಸುತ್ತಿದ ಹಾಗೆ ಕಾಣುವುದು ಅವನ ಜಟೆ, ಅದರಲ್ಲಿ ಹಾವುಗಳಿವೆ.