1801ರ ಮಳೆಗಾಲದ ಹಂತಕನ ಕೈಗೆ ಯಾವ ಆಯುಧ ಕೊಡಬೇಕು?

ಪ್ರಶ್ನೆ (ಸಕಲೇಶಪುರದಿಂದ)

ಮಾನ್ಯರೇ, ಮೂರು ವರ್ಷಗಳಿಂದ ನಾನು ಒಂದು ಐತಿಹಾಸಿಕ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಕಥೆ ನಡೆಯುವುದು 1801ರ ಮಳೆಗಾಲದಲ್ಲಿ, ಬಲಂ ಸೀಮೆಯಲ್ಲಿ, ಅಂದರೆ ಮಂಜ್ರಾಬಾದ್ ಕೋಟೆಯ ಸುತ್ತಲಿನ ನಮ್ಮ ಊರುಗಳಲ್ಲಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐಗೂರಿನ ಪಾಳೆಯಗಾರ ಹೊಸ ಆಡಳಿತಕ್ಕೆ ತಲೆಬಾಗದೆ ನಿಂತದ್ದು, 1802ರ ಜನವರಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅರಕೆರೆಯ ಕೋಟೆಯನ್ನು ಹಿಡಿದದ್ದು, ಮರುತಿಂಗಳು ಪಾಳೆಯಗಾರನನ್ನು ಗಲ್ಲಿಗೇರಿಸಿದ್ದು ಇವೆಲ್ಲ ಕಥೆಯ ಹಿನ್ನೆಲೆ. ಮುಖ್ಯ ಪಾತ್ರ ಮಾತ್ರ ಪೂರ್ಣವಾಗಿ ಕಲ್ಪಿತ. ಅವನು ಟಿಪ್ಪುವಿನ ಪಡೆಯಲ್ಲಿ ಸಿಪಾಯಿಯಾಗಿದ್ದು, ಪಡೆ ಚದುರಿದ ಮೇಲೆ ಕೆಲಸವಿಲ್ಲದೆ ಅಲೆಯುತ್ತಿರುವವನು. ಮೈಸೂರಿನವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿರುವ ಒಬ್ಬ ಪಟೇಲನನ್ನು ಅವನ ಊರಿಗೇ ಹೋಗಿ ಕೊಲ್ಲುವ ಕೆಲಸ ಅವನ ಪಾಲಿಗೆ ಬರುತ್ತದೆ.

ಮೊದಲ ಕರಡಿನಲ್ಲಿ ನಾನು ಅವನ ಸೊಂಟಕ್ಕೆ ಎರಡು ಪಿಸ್ತೂಲು, ನಡುಕಟ್ಟಿಗೆ ಒಂದು ಕಠಾರಿ, ಬೆನ್ನಿಗೆ ಒಂದು ಸಣ್ಣ ಬಿಲ್ಲು ಕೊಟ್ಟಿದ್ದೆ. ಅದನ್ನು ಓದಿದ ನನ್ನ ಅಕ್ಕ, "ಇವನು ಕೊಲೆಗೆ ಹೊರಟವನಂತೆ ಕಾಣುವುದಿಲ್ಲ, ದಂಡಿಗೆ ಹೊರಟವನಂತೆ ಕಾಣುತ್ತಾನೆ" ಎಂದಳು. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆ ಕಾಲಕ್ಕೆ, ಆ ಮಳೆಗೆ, ಅಂಥ ಮನುಷ್ಯನಿಗೆ ಒಪ್ಪುವ ಆಯುಧ ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಾಸನದಿಂದ, ನಿವೃತ್ತ ಇತಿಹಾಸ ಅಧ್ಯಾಪಕ)

ನಿಮ್ಮ ಅಕ್ಕನವರ ಮಾತು ಸರಿಯಾಗಿದೆ. ಒಂದೊಂದು ಆಯುಧವನ್ನೂ ನಿಮ್ಮ ಕಥೆಯ ಮಳೆಯಲ್ಲಿ ನಿಲ್ಲಿಸಿ ನೋಡೋಣ.

ಮೊದಲು ಪಿಸ್ತೂಲು. ಆ ಕಾಲದ್ದು ಚಕಮಕಿ ಕಲ್ಲಿನ ಪಿಸ್ತೂಲು. ಕುದುರೆಯ, ಅಂದರೆ ಪಿಸ್ತೂಲಿನ ಮೇಲಿನ ಸುತ್ತಿಗೆಯಂಥ ಭಾಗದ, ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಬೇಕು, ಆ ಕಿಡಿ ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಮದ್ದಿಗೆ ತಗಲಬೇಕು, ಅಲ್ಲಿಂದ ಬೆಂಕಿ ಒಂದು ಸಣ್ಣ ತೂತಿನ ಮೂಲಕ ನಳಿಗೆಯ ಒಳಗಿನ ಮದ್ದನ್ನು ಮುಟ್ಟಬೇಕು. ಇಷ್ಟೂ ನಡೆಯಬೇಕಾದರೆ ಆ ಬಟ್ಟಲು ಒಣಗಿರಬೇಕು. ಆಷಾಢ ಶ್ರಾವಣದ ಸಕಲೇಶಪುರದಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟ ಉಪ್ಪು ಕೂಡ ನೀರೊಡೆಯುವ ದಿನಗಳಲ್ಲಿ, ಸೊಂಟದಲ್ಲಿ ಸಿಕ್ಕಿಸಿಕೊಂಡು ಎರಡು ದಿನ ನಡೆದು ಬಂದವನ ಪಿಸ್ತೂಲು ಹಾರುತ್ತದೆ ಎಂದು ಯಾವ ಸಿಪಾಯಿಯೂ ನಂಬಿ ಹೋಗುತ್ತಿರಲಿಲ್ಲ. ಮಳೆಗೆ ಅಷ್ಟಾಗಿ ಅಂಜದ, ಮದ್ದು ತುಂಬಿದ ಪುಟ್ಟ ತಾಮ್ರದ ಟೋಪಿಯಿಂದ ಕಿಡಿ ಹೊತ್ತುವ ಕೋವಿಗಳು ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಉದ್ದ ಕೋವಿಯ ಕಥೆಯೂ ಇದೇ. ನಳಿಗೆಯೊಳಗೆ ಸುರುಳಿಗೆರೆಗಳಿಲ್ಲದ ಆ ಕೋವಿಗಳ ಗುರಿ ನೂರು ಗಜದಾಚೆ ಭರವಸೆಗೆ ಸಿಗುತ್ತಿರಲಿಲ್ಲ. ಪಳಗಿದ ಸಿಪಾಯಿಯೂ ನಿಮಿಷಕ್ಕೆ ಎರಡು ಮೂರು ಸಲ ಮಾತ್ರ ತುಂಬಿ ಹಾರಿಸಬಲ್ಲವನಾಗಿದ್ದ. ಹಾರಿಸಿದ ಮೇಲೆ ಏಳುವ ಬಿಳಿಹೊಗೆ ಅವನು ನಿಂತ ಜಾಗವನ್ನು ಊರಿಗೆಲ್ಲ ತೋರಿಸಿಕೊಡುತ್ತಿತ್ತು.

ಕಠಾರಿಯ ಹಿಡಿಯಲ್ಲಿ ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡಪಟ್ಟಿ ಇರುತ್ತದೆ. ಅದನ್ನು ಮುಷ್ಟಿ ಕಟ್ಟಿ ಹಿಡಿದಾಗ ಅಲಗು ಮುಂಗೈಯ ಮುಂದುವರಿಕೆಯಂತೆ ನಿಲ್ಲುತ್ತದೆ. ಕಬ್ಬಿಣದ ಬಳೆಗಳ ಅಂಗಿಯನ್ನೂ ಹಾಯಲೆಂದು ಕೆಲವು ಕಠಾರಿಗಳ ತುದಿಯನ್ನು ದಪ್ಪಗೆ ಮಾಡುತ್ತಿದ್ದರು. ಆದರೆ ಅದು ನಡುಕಟ್ಟಿನ ಮುಂಭಾಗದಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಧರಿಸುವ, ಅಂತಸ್ತನ್ನು ಹೇಳುವ ಆಯುಧ. ಹರಕು ಬಟ್ಟೆಯವನ ಬಳಿ ಅದು ಸಿಕ್ಕರೆ ಕದ್ದ ಮಾಲು ಎಂದೇ ಜನ ತಿಳಿಯುತ್ತಾರೆ.

ನೀವು ಮರೆತಂತಿರುವ ಇನ್ನೊಂದು ಸಂಗತಿಯಿದೆ. ಮಂಜ್ರಾಬಾದ್ ಸೀಮೆಯ ಹಳೆಯ ಊರುಗಳ ಬಾಯಲ್ಲಿ ಉಕ್ಕಡ ಇರುತ್ತಿತ್ತು. ಕಲ್ಲು ಮಣ್ಣಿನ ಅಡ್ಡಗೋಡೆಯ ಹಿಂದೆ ಕುಳಿತು ಬರುವ ಹೋಗುವವರನ್ನು ಗಮನಿಸುವ ಕಾವಲಿನ ಜಾಗ ಅದು. ವೆಲ್ಲೆಸ್ಲಿಯ ಪಡೆ ಬರುವ ಹಿಂದಿನ ವರ್ಷ, ಪಾಳೆಯಗಾರನೂ ಮೈಸೂರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ, ಅಪರಿಚಿತನೊಬ್ಬ ಅದನ್ನು ದಾಟುವುದು ಹೇಗೆ? ಆಯುಧವನ್ನು ಆರಿಸುವ ಮೊದಲು ನೀವು ಈ ಪ್ರಶ್ನೆಗೆ ಉತ್ತರ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಉಕ್ಕಡದಲ್ಲಿ ಸಿಕ್ಕಿಬೀಳುವ ಆಯುಧ ಎಷ್ಟು ಹರಿತವಾಗಿದ್ದರೂ ನಿಮ್ಮ ಕಥೆಗೆ ಉಪಯೋಗವಿಲ್ಲ.

ಸಂದರ್ಭ ಬಂದದ್ದರಿಂದ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಐತಿಹಾಸಿಕ ಕಥೆ ಬರೆಯುವವರು ಹಳೇಬೀಡಿನ ಶಿಲ್ಪಪಟ್ಟಿಕೆಗಳನ್ನು ನೋಡಿ ಆಯುಧಗಳನ್ನು ಆರಿಸುವುದನ್ನು ಕಂಡಿದ್ದೇನೆ. ಅವು ನಿಮ್ಮ ಕಥೆಗಿಂತ ಆರು ನೂರು ವರ್ಷಕ್ಕೂ ಹಿಂದಿನವು. ಅಲ್ಲಿರುವುದು ರಾಮಾಯಣ, ಮಹಾಭಾರತದ ವೀರರ ಬಿಲ್ಲು ಗದೆಗಳೇ ಹೊರತು ಊರಿನ ಆಳಿನ ಸೊಂಟದಲ್ಲಿದ್ದದ್ದಲ್ಲ.

ಉತ್ತರ 2 (ಮೂಡಿಗೆರೆ ಕಡೆಯಿಂದ, ಬೆಳೆಗಾರ್ತಿ)

ಮೇಷ್ಟ್ರು ಕೇಳಿದ ಪ್ರಶ್ನೆಗೆ ಮಲೆನಾಡಿನ ಮನೆಯೊಳಗೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಕಥೆಯ ಕಾಲ ಗದ್ದೆಯ ನಾಟಿಯ ಕಾಲ. ಆ ತಿಂಗಳಲ್ಲಿ ಊರಿಗೆ ಹೊರಗಿನ ಆಳು ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಬರದಿದ್ದರೆ ಚಿಂತೆಯಾಗುತ್ತದೆ. ಅವನು ನಾಟಿಯ ಆಳಾಗಿ ಬರಲಿ, ಬರಿಗೈಯಲ್ಲಿ ಬರಲಿ. ನಮ್ಮ ಅಜ್ಜನ ಕಾಲದವರೆಗೂ ಹೊರಗಿನಿಂದ ಬಂದ ಆಳಿಗೆ ಕತ್ತಿಯನ್ನೂ ಕಂಬಳಿಯನ್ನೂ ಮನೆಯವರೇ ಕೊಡುತ್ತಿದ್ದರು ಎಂದು ನಮ್ಮ ತಂದೆ ಹೇಳುತ್ತಿದ್ದರು.

ನಮ್ಮ ಅಟ್ಟದಲ್ಲಿ ಅಂಥ ಒಂದು ಕತ್ತಿ ಇನ್ನೂ ಇದೆ. ಅದನ್ನು ನಿನ್ನೆ ಇಳಿಸಿ ನೋಡಿದೆ. ಮೊದಲು ನಾಲ್ಕು ಬೆರಳು ಅಗಲವಿದ್ದಿರಬೇಕಾದ ಅಲಗು ಮಸೆದು ಮಸೆದು ಈಗ ಎರಡು ಬೆರಳಿಗೆ ಇಳಿದಿದೆ, ತುದಿಯ ಕೊಕ್ಕು ಮಾತ್ರ ಮೊದಲಿನ ಅಗಲದಲ್ಲೇ ಉಳಿದಿದೆ. ಮರದ ಹಿಡಿ ಬೆವರು ಕುಡಿದು ಕಪ್ಪಾಗಿ, ಹೆಬ್ಬೆರಳು ಕೂರುವ ಕಡೆ ಒಂದು ತಗ್ಗು ಬಿದ್ದಿದೆ. ಮಸೆಯುವುದಕ್ಕೆ ಒಂದು ಮರದ ತುಂಡಿನ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಕತ್ತಿ ಮಸೆಯುವ ಆಳನ್ನು ಯಾರೂ ತಿರುಗಿ ನೋಡುವುದಿಲ್ಲ. ಅದು ಸೊಂಟದ ಹಿಂದಿನ ಕೊಕ್ಕೆಗೆ ತೂಗಿಕೊಂಡಿರುತ್ತದೆ, ಮೇಲೆ ಕಂಬಳಿಕೊಪ್ಪೆ ಬಂದರೆ ಕಾಣುವುದೂ ಇಲ್ಲ.

ಅವನನ್ನು ಹಿಡಿದುಕೊಡುವುದು ಆಯುಧವಲ್ಲ, ಅವನ ಅಂಗೈ. ಹತ್ತು ವರ್ಷ ಕೋವಿ ಹಿಡಿದವನ ಜಡ್ಡು ಒಂದು ಜಾಗದಲ್ಲಿದ್ದರೆ ಕತ್ತಿ, ಗುದ್ದಲಿ ಹಿಡಿದವನ ಜಡ್ಡು ಇನ್ನೊಂದು ಜಾಗದಲ್ಲಿರುತ್ತದೆ. ಸಸಿ ಕೀಳುವಾಗ ಪಕ್ಕದ ಹೆಂಗಸು ಅದನ್ನು ಗಮನಿಸದೆ ಇರಲಾರಳು.

ಇನ್ನು ಎರಡು ಮಾತು. ಪೊದೆಯಲ್ಲಿ ಅವನನ್ನು ನಾಲ್ಕು ಗಂಟೆ ಕೂರಿಸುವುದಾದರೆ ಇಂಬಳಗಳನ್ನು (ಜಿಗಣೆಗಳನ್ನು) ಮರೆಯಬೇಡಿ. ಹಾಗೆಯೇ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರದ ಮರೆಯಲ್ಲಿ ಅವನನ್ನು ನಿಲ್ಲಿಸಬೇಡಿ. ಆ ಮರ ಆಸ್ಟ್ರೇಲಿಯಾದಿಂದ ಬಂದದ್ದು, ಸಾಲು ಸಾಲು ಕಾಫಿ ತೋಟಗಳೂ 1801ರ ಮಂಜ್ರಾಬಾದಿನಲ್ಲಿ ಇರಲಿಲ್ಲ. ಗದ್ದೆ, ಅಡಿಕೆ, ಏಲಕ್ಕಿ, ಕಾಡು ಇದ್ದವು.

ಉತ್ತರ 3 (ಚಿಕ್ಕಮಗಳೂರಿನಿಂದ, ವೈದ್ಯ)

ಮೇಡಂ ಹೇಳಿದ ಕತ್ತಿಯನ್ನು ನಾನೂ ಒಪ್ಪುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ತೋಟದ ಕೆಲಸದವರ ಕತ್ತಿಗಾಯಗಳಿಗೆ ಹೊಲಿಗೆ ಹಾಕಿದ್ದೇನೆ, ಹಲ್ಲೆಯ ಗಾಯಗಳನ್ನೂ ನೋಡಿದ್ದೇನೆ. ಕಥೆಗಾರರು ತಪ್ಪುವುದು ಹೆಚ್ಚಾಗಿ ಏಟು ಬಿದ್ದ ಮೇಲಿನ ಭಾಗದಲ್ಲಿ. ಒಂದೇ ಏಟಿಗೆ ಸದ್ದಿಲ್ಲದೆ ಕುಸಿಯುವ ಮನುಷ್ಯ ಕಥೆಗಳಲ್ಲಿ ಸಿಗುತ್ತಾನೆ. ನಾನು ಕಂಡವರು ಕೂಗಿದ್ದಾರೆ, ಅಲಗನ್ನೇ ಕೈಯಲ್ಲಿ ಹಿಡಿದಿದ್ದಾರೆ, ಎದ್ದು ನಡೆದಿದ್ದಾರೆ, ಬಾಗಿಲವರೆಗೆ ಹೋಗಿ ಮನೆಯವರ ಹೆಸರು ಹಿಡಿದು ಕರೆದಿದ್ದಾರೆ.

ಹಿಡಿಗೂ ಅಲಗಿಗೂ ನಡುವೆ ತಡೆಯಿಲ್ಲದ ಆಯುಧದಲ್ಲಿ, ರಕ್ತದಿಂದಲೋ ಮಳೆಯಿಂದಲೋ ಹಿಡಿ ಜಾರಿದಾಗ, ಹೊಡೆದವನ ಬೆರಳುಗಳೇ ಅಲಗಿನ ಮೇಲೆ ಬಂದು ಕೊಯ್ದುಕೊಳ್ಳುತ್ತವೆ. ಇದು ನಿಮ್ಮ ಪಾತ್ರಕ್ಕೆ ಬಹಳ ಮುಖ್ಯ. ಕೊಲೆಯ ಮರುದಿನ ಊರೆಲ್ಲ ನಾಟಿಯ ಗದ್ದೆಯಲ್ಲಿರುವಾಗ ಅವನ ಬಲಗೈಗೆ ಬಟ್ಟೆ ಸುತ್ತಿರುತ್ತದೆ. ಕೆಸರು ನೀರಿನಲ್ಲಿ ಆ ಗಾಯ ಮೂರನೆಯ ದಿನಕ್ಕೆ ಕೀವು ಕಟ್ಟುತ್ತದೆ. ಆ ಕಾಲದಲ್ಲಿ ಅಂಥ ಜ್ವರಕ್ಕೆ ಈಗಿನಂತೆ ಔಷಧವಿರಲಿಲ್ಲ. ಏಟಿನ ವಿವರವನ್ನು ನಾಲ್ಕು ಸಾಲಿಗೆ ಇಳಿಸಿ, ಆ ಕೈಗೆ ಒಂದು ಅಧ್ಯಾಯ ಕೊಡಿ ಎಂದು ಓದುಗನಾಗಿ ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಪಿಸ್ತೂಲು, ಕಠಾರಿ, ಬಿಲ್ಲು ಮೂರನ್ನೂ ತೆಗೆದಿದ್ದೇನೆ. ಅವನು ಈಗ ಬರಿಗೈಯಲ್ಲಿ ಉಕ್ಕಡ ದಾಟುತ್ತಾನೆ. ಅಲ್ಲಿ ಅವನ ಕಂಬಳಿಯನ್ನು ಕೊಡವಿ ನೋಡುವ ಕಾವಲಿನ ಮುದುಕ ಅವನ ಅಂಗೈಯನ್ನು ಮಾತ್ರ ನೋಡುವುದಿಲ್ಲ. ಮರುದಿನ ಬೆಳಿಗ್ಗೆ ಪಟೇಲನ ಹೆಂಡತಿಯೇ ಅವನಿಗೆ ಕತ್ತಿ ಕೊಡುತ್ತಾಳೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಅಜ್ಜಿ ಅದನ್ನು ನೆಲದ ಮೇಲಿಟ್ಟು ತೆಗೆದುಕೊ ಎನ್ನುತ್ತಿದ್ದರು. ಹಾಗೆಯೇ ಆಕೆಯೂ ಅದನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಆ ಒಂದು ಪುಟ ಬರೆಯುವಾಗ ನನ್ನ ಕೈ ನಡುಗಿತು.

ಮೇಡಂ, ಒಂದು ವಿಷಯ ಕೇಳಬೇಕಿತ್ತು. ಸಂಜೆ ಕೆಲಸ ಮುಗಿದ ಮೇಲೆ ಆಳುಗಳು ಕತ್ತಿಯನ್ನು ಮನೆಯವರಿಗೆ ಹಿಂದಿರುಗಿಸುತ್ತಿದ್ದರೇ, ಅಥವಾ ರಾತ್ರಿಯೂ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದರೇ?

ಉತ್ತರ (ಮೂಡಿಗೆರೆ ಕಡೆಯಿಂದ)

ಹಿಂದಿರುಗಿಸುತ್ತಿದ್ದರು. ಬಚ್ಚಲ ಹತ್ತಿರ ತೊಳೆದು, ಒರೆಸಿ, ಕೊಟ್ಟಿಗೆಯ ಬಿದಿರ ತಡಿಕೆಗೆ ಸಿಕ್ಕಿಸಿ ಹೋಗುತ್ತಿದ್ದರು ಎಂದು ತಂದೆ ಹೇಳಿದ್ದು ನೆನಪಿದೆ. ನಮ್ಮ ಮನೆಯಲ್ಲಿ ಮಲಗುವ ಮುಂಚೆ ಅಜ್ಜಿ ಲಾಟೀನು ಹಿಡಿದು ಅವನ್ನು ಎಣಿಸುತ್ತಿದ್ದರಂತೆ. ನಿಮ್ಮ ಕಥೆಯಲ್ಲಿ ಲಾಟೀನಿನ ಬದಲು ದೀಪದ ಸೊಡರು ಇರಲಿ, ಎಣಿಸುವವಳು ಪಟೇಲನ ಹೆಂಡತಿಯೇ ಆಗಿರಲಿ.