ಕರೆಂಟ್ ನೋಡಿಕೊಳ್ಳುವ ಆಯೋಗ ಫೋನ್ ಕಂಪನಿಗೂ ನಿಯಮ ಮಾಡಬಹುದಾ?

ಪ್ರಶ್ನೆ: ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಂಟಾ ಕ್ರೂಜ್ ಬೆಟ್ಟದ ಕಡೆ ಇದ್ದೇವೆ. ಕಾಳ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಗಲಲ್ಲಿ ಮನೆಯಲ್ಲಿ ಅತ್ತೆ, ಮಾವ ಇಬ್ಬರೇ. ಮೊಬೈಲ್ ಕಂಪನಿಯವರನ್ನು ಕೇಳಿದರೆ, "ನಮಗೆ ಅನ್ವಯ ಆಗುವುದು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು, ರಾಜ್ಯದ ಆಯೋಗಕ್ಕೆ ಅಧಿಕಾರ ಇಲ್ಲ" ಅಂದರು. ಹೌದಾ? ವಕೀಲರು ಯಾರಾದರೂ ಇದ್ದರೆ ಹೇಳಿ.

ಉತ್ತರ (ವಕೀಲ): ಅರ್ಧ ನಿಜ ಮೇಡಂ. ಆ ಅರ್ಧವನ್ನೇ ಅವರು ಪೂರ್ತಿ ಅನ್ನುವ ಹಾಗೆ ಹೇಳುತ್ತಾರೆ.

ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್‌ಗೆ, ಅಂದರೆ ನೀವು ಹೇಳುವ ಆಯೋಗಕ್ಕೆ, ಅಧಿಕಾರ ಬಂದಿರುವುದು ರಾಜ್ಯದ ಸಂವಿಧಾನದಿಂದಲೇ, 12ನೇ ಆರ್ಟಿಕಲ್‌ನಿಂದ. 1946ರವರೆಗೆ ಅದರ ಹೆಸರು ರೈಲ್‌ರೋಡ್ ಕಮಿಷನ್! ಕರೆಂಟ್, ಗ್ಯಾಸ್, ನೀರಿನ ಜೊತೆ ಟೆಲಿಫೋನ್ ಕೂಡ ಅದರ ಕೈಯಲ್ಲಿದೆ.

ಮೊಬೈಲ್ ವಿಷಯಕ್ಕೆ ಬಂದರೆ, 1993ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿ ಒಂದು ಗೆರೆ ಎಳೆಯಿತು. ಮೊಬೈಲ್ ದರವನ್ನು ರಾಜ್ಯಗಳು ನಿಗದಿ ಮಾಡುವಂತಿಲ್ಲ. ಹೊಸ ಕಂಪನಿ ಬರುವುದನ್ನು ತಡೆಯುವಂತಿಲ್ಲ. ಆದರೆ ಸೇವೆಯ ಉಳಿದ ಷರತ್ತುಗಳನ್ನು ರಾಜ್ಯ ಹಾಕಬಹುದು ಎಂದು ಅದೇ ಕಾನೂನಿನಲ್ಲಿ ಸ್ಪಷ್ಟವಾಗಿ ಇದೆ. 1996ರ ಟೆಲಿಕಾಂ ಕಾಯ್ದೆಯೂ ಜನರ ಸುರಕ್ಷತೆ, ಗ್ರಾಹಕರ ರಕ್ಷಣೆಯ ನಿಯಮಗಳನ್ನು ರಾಜ್ಯಗಳಿಗೆ ಬಿಟ್ಟಿದೆ. ಎಲ್ಲಾ ಕಂಪನಿಗೂ ಒಂದೇ ರೀತಿ ಅನ್ವಯ ಆಗಬೇಕು, ಅಷ್ಟೆ. ಜಗಳ ನಡೆಯುವುದೆಲ್ಲ ಈ ಗೆರೆಯ ಮೇಲೇ. ಯಾವ ನಿಯಮ ಬಂದರೂ ಕಂಪನಿಯವರು "ಇದು ಸುತ್ತಿ ಬಳಸಿ ದರಕ್ಕೇ ಕೈ ಹಾಕಿದಂತೆ" ಅನ್ನುತ್ತಾರೆ.

ನಿಮ್ಮ ಸಮಸ್ಯೆಗೆ ನೇರ ಉತ್ತರವೇ ಇದೆ. 2019ರ ಅಕ್ಟೋಬರ್‌ನಲ್ಲಿ ಕರೆಂಟ್ ತೆಗೆದಾಗ ಎಷ್ಟೋ ಕಡೆ ಟವರ್‌ಗಳು ಸತ್ತುಹೋದವು. ಅದಾದ ಮೇಲೆ 2020ರ ಜುಲೈನಲ್ಲಿ ಆಯೋಗ ನಿಯಮ ಮಾಡಿತು: ಬೆಂಕಿ ಅಪಾಯ ಜಾಸ್ತಿ ಇರುವ ಪ್ರದೇಶದಲ್ಲಿ ಮೊಬೈಲ್ ಕಂಪನಿಗಳು 72 ಗಂಟೆ ಸೇವೆ ನಡೆಯುವಷ್ಟು ಬ್ಯಾಕಪ್ ಕರೆಂಟ್ ಇಡಬೇಕು. ಫೆಡರಲ್ ಕಾನೂನಿನ ವಾದ ಆಗಲೂ ಬಂದಿತ್ತು. ಆಯೋಗ ಒಪ್ಪಲಿಲ್ಲ. 2021ರಲ್ಲಿ ವೈರ್ ಮೂಲಕ ಬರುವ ಫೋನಿಗೂ ಇಂಥದ್ದೇ ನಿಯಮ ಬಂತು. ವಿನಾಯಿತಿಗಳೂ ಇವೆ, ಅದಕ್ಕೇ ಕೆಲವು ಟವರ್ ಇನ್ನೂ ಕೈಕೊಡಬಹುದು.

ಇನ್ನೊಬ್ಬರು: ಸರ್, ನಮ್ಮ ಕರ್ನಾಟಕದ ಕೆಇಆರ್‌ಸಿ ಬರೀ ಕರೆಂಟ್ ನೋಡುತ್ತದೆ ಅಲ್ವಾ? ಇಲ್ಲಿ ಯಾಕೆ ಹೀಗೆ?

ವಕೀಲ: ಭಾರತದಲ್ಲಿ ಟೆಲಿಫೋನ್ ಪೂರ್ತಿ ಕೇಂದ್ರದ ಪಟ್ಟಿಯಲ್ಲಿದೆ. ಹಾಗಾಗಿ ಇಡೀ ದೇಶದ ಟೆಲಿಕಾಂ ನೋಡಿಕೊಳ್ಳುವ ಟ್ರಾಯ್ ಒಂದೇ, ರಾಜ್ಯಗಳಿಗೆ ಅಂಥ ಆಯೋಗವೇ ಇಲ್ಲ. ಇಲ್ಲಿ ಅಮೆರಿಕದಲ್ಲಿ 1934ರ ಸಂಪರ್ಕ ಕಾಯ್ದೆ ರಾಜ್ಯದೊಳಗಿನ ಕರೆಗಳನ್ನು ರಾಜ್ಯಕ್ಕೇ ಬಿಟ್ಟಿತ್ತು. ಆಮೇಲೆ ಕಾಂಗ್ರೆಸ್ ಒಂದೊಂದಾಗಿ ಕಿತ್ತುಕೊಂಡಿತು, ಆದರೂ ಪೂರ್ತಿ ಅಲ್ಲ.

ಮತ್ತೊಬ್ಬರು: ಹಳೆ ಲ್ಯಾಂಡ್‌ಲೈನ್ ತೆಗೆದುಬಿಡುತ್ತಾರೆ ಅಂತ ಸುದ್ದಿ ಇತ್ತಲ್ಲ?

ವಕೀಲ: ಬೇಡಿಕೆ ಬಂದಿತ್ತು. ಕೇಳಿದವರಿಗೆಲ್ಲ ಫೋನ್ ಕೊಡಲೇಬೇಕು ಎಂಬ ಹೊಣೆಯಿಂದ ಬಿಡಿಸಿ ಎಂದು ಫೋನ್ ಕಂಪನಿ ಎಟಿ ಆ್ಯಂಡ್ ಟಿ 2023ರಲ್ಲಿ ಅರ್ಜಿ ಹಾಕಿತು. 2024ರ ಜೂನ್‌ನಲ್ಲಿ ಆಯೋಗ ತಳ್ಳಿಹಾಕಿತು. ಆದರೆ ಆ ಹೊಣೆಯ ನಿಯಮಗಳನ್ನೇ ಮತ್ತೆ ನೋಡಲು ಬೇರೆ ವಿಚಾರಣೆ ಶುರು ಮಾಡಿತು. ಬೆಟ್ಟದ ಕಡೆ ಇರುವವರು ಅದರ ಮೇಲೆ ಕಣ್ಣಿಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ನಾನೀಗ ಏನು ಮಾಡಲಿ ಸರ್?

ವಕೀಲ: ಮೊದಲು ಆಯೋಗದ ಬೆಂಕಿ ಅಪಾಯದ ನಕ್ಷೆಯಲ್ಲಿ ನಿಮ್ಮ ವಿಳಾಸ ಹುಡುಕಿ. ಅದು ಅಪಾಯ ಜಾಸ್ತಿ ಇರುವ ಟಿಯರ್ (ಹಂತ) 2 ಅಥವಾ 3 ಆದರೆ 72 ಗಂಟೆ ನಿಯಮ ಅಲ್ಲಿಗೆ ಬರುತ್ತದೆ. ಕರೆಂಟ್ ಹೋದ ಸಮಯ, ಸಿಗ್ನಲ್ ಹೋದ ಸಮಯ ಬರೆದಿಟ್ಟು ಆಯೋಗದ ಗ್ರಾಹಕ ವಿಭಾಗಕ್ಕೆ ದೂರು ಕೊಡಿ. ಅದಕ್ಕೆ ವಕೀಲರು ಬೇಕಿಲ್ಲ. ಬಿಲ್ ಜಾಸ್ತಿ ಅನ್ನುವುದನ್ನು ಮಾತ್ರ ಅದರ ಜೊತೆ ಸೇರಿಸಬೇಡಿ. ಮೊಬೈಲ್ ದರಕ್ಕೆ ಆಯೋಗ ಏನೂ ಮಾಡಲಾಗದು.