ತಾತನ ವೆಬ್ಲಿ: ಗುರುತು ಓದೋದು ಹೇಗೆ?

ಮಾಲೂರು ಮೊಮ್ಮಗ: ತಾತ ತೀರ್ಕೊಂಡ್ರು, ಅವರ ರಿವಾಲ್ವರ್ ಈಗ ಡೀಲರ್ ಹತ್ರ ಡೆಪಾಸಿಟ್ ಆಗಿದೆ. ಎಡಗಡೆ ವೆಬ್ಲಿ ಮಾರ್ಕ್ 6, 1917 ಅಂತ ಹೊಡೆದಿದೆ, ಜೊತೆಗೆ ಒಂದು ಬಾಣ, ಬ್ರಿಟಿಷ್ ಸರ್ಕಾರದ ಆಸ್ತಿ ಅನ್ನೋ ಗುರುತು. ಹಿಡಿಕೆ ಹಿಂದಿನ ಪಟ್ಟಿ ಮೇಲೆ ಸವೆದ ಅಕ್ಷರ. ಯಾರ ಕೈಲಿತ್ತು ಅಂತ ಹುಡುಕೋದು ಹೇಗೆ? ಅನುಭವ ಇರೋರು ಹೇಳಿ.

ತಿಪಟೂರು ತೋಟ: ಆ ಹಿಂದಿನ ಪಟ್ಟಿ ಯಾರಿಗೂ ಉಜ್ಜೋಕೆ ಕೊಡ್ಬೇಡಿ, ಕೈ ಮುಗಿತೀನಿ. ನಮ್ದು 1916ರದ್ದು, ಚಿಕ್ಕಪ್ಪ ತುಕ್ಕು ಹಿಡೀತು ಅಂತ ಪಾಲಿಶ್‌ಗೆ ಕೊಟ್ರು, 6,500 ರೂಪಾಯಿ, ಮೂರು ತಿಂಗಳು, ಐದು ಸಲ ಬಸ್ಸಲ್ಲಿ ಓಡಾಟ, ವಾಪಸ್ ಬಂದಾಗ ಕನ್ನಡಿ ಥರ ಹೊಳೀತಿತ್ತು, ಪಲ್ಟನ್ ಗುರುತು ಪೂರ್ತಿ ಹೋಗಿತ್ತು. ಪಲ್ಟನ್ ಹೆಸರು ಹೊಡೀತಿದ್ದದ್ದೇ ಸಾಮಾನ್ಯವಾಗಿ ಆ ಪಟ್ಟಿ ಮೇಲೆ! ಉಳಿದಿದ್ದು ಎರಡು ಬಾಣ ತುದಿಗೆ ತುದಿ ತಾಗಿರೋ ಗುರುತು ಮಾತ್ರ, ಅಂದ್ರೆ ಸರ್ಕಾರ ಸೇವೆಯಿಂದ ತೆಗೆದು ಮಾರಿದ್ದು. ಯಾವ ಪಲ್ಟನ್ನಿಂದ ಅಂತ ಇನ್ನು ಯಾರನ್ನ ಕೇಳ್ಲಿ?

ಚಿಂತಾಮಣಿ ರೇಷ್ಮೆ: ನಮ್ಮನೇಲಿ ಮುತ್ತಾತ ಮೈಸೂರು ಲ್ಯಾನ್ಸರ್ಸ್, ಅಂದ್ರೆ ಮೈಸೂರು ಮಹಾರಾಜರ ಕುದುರೆ ಪಲ್ಟನ್; 1918 ಸೆಪ್ಟೆಂಬರ್ 23ಕ್ಕೆ ಹೈಫಾ (ಈಗಿನ ಇಸ್ರೇಲ್) ಯುದ್ಧದಲ್ಲಿ ನಮ್ಮನೇಲಿರೋ ಪಿಸ್ತೂಲೇ ಅವರ ಸೊಂಟದಲ್ಲಿತ್ತು ಅಂತ ಕಥೆ. ನಾನು ಹೋಗಿ ನೋಡಿದ್ರೆ ಹ್ಯಾಮರ್ (ಗುಂಡಿಗೆ ಬಡಿಯೋ ಹಿಂದಿನ ಸುತ್ತಿಗೆ) ಕೆಳಗೆ ಎನ್‌ಫೀಲ್ಡ್ ನಂಬರ್ 2 ಮಾರ್ಕ್ 1 ಸ್ಟಾರ್, 1940 ಅಂತಿದೆ, ವೆಬ್ಲಿ ಅಲ್ಲ, ಬೇರೆ ರಿವಾಲ್ವರ್. ಹ್ಯಾಮರ್‌ಗೆ ಹೆಬ್ಬೆಟ್ಟು ಇಡೋ ಕೊಂಬೂ ಇಲ್ಲ. ಆ ಸ್ಟಾರ್ ಮಾಡೆಲ್ ಬಂದಿದ್ದೇ 1938ರಲ್ಲಿ. ಅಮ್ಮ ಎರಡು ದಿನ ನನ್ ಜೊತೆ ಮಾತಾಡ್ಲಿಲ್ಲ. ಮೊದ್ಲು ಇಸವಿ ನೋಡಿ, ಆಮೇಲೆ ಕಥೆ ನಂಬಿ.

ಶಿರಾ ಸೀಮೆ: ಚಿಂತಾಮಣಿಯೋರೆ, ಹಿರಿಯರ ಹೆಸರು ಕೆಡಿಸೋಕೆ ಒಂದು ಇಸವಿ ಸಾಕಾ? ಅವತ್ತು ಹೈಫಾಲಿ ನುಗ್ಗಿದ್ದು ಈಟಿ, ಕತ್ತಿ ಹಿಡ್ಕೊಂಡು. ಪಿಸ್ತೂಲು ಆಮೇಲೆ ಮನೆಗೆ ಬಂದಿರ್ಬೋದು, ಮನುಷ್ಯ ಹೋಗಿದ್ದು ಸುಳ್ಳಾಗುತ್ತಾ? ನಮ್ಮಪ್ಪಂಗೂ ಹಿಂಗೇ ಯಾರೋ ನಿಮ್ದು ಡುಪ್ಲಿಕೇಟ್ ಅಂದು ನೋಯಿಸಿದ್ರು, ಸಾಯೋವರ್ಗೂ ಅದೇ ಕೊರಗು.

ತಿಪಟೂರು ತೋಟ: ಶಿರಾದೋರೆ, ಅಪ್ಪನ ಕೊರಗು ಇಲ್ಲಿ ಯಾಕೆ? ಅವರು ಗುರುತು ಕೇಳಿದ್ದಾರೆ.

ಶಿರಾ ಸೀಮೆ: ಗುರುತು ಉಜ್ಜಿಸಿ ಕಳ್ಕೊಂಡೋರು ನಂಗೆ ಪಾಠ ಹೇಳ್ತೀರಾ?

ತಿಪಟೂರು ತೋಟ: ಉಜ್ಜಿಸಿದ್ದು ಚಿಕ್ಕಪ್ಪ! ಸರಿಯಾಗಿ ಓದಿ.

ಕೆಜಿಎಫ್ ಉರಿಗಾಂ: ಮಾಲೂರಿನೋರೆ, ಡೀಲರ್ ಎದುರಿಗೇ ಟಾರ್ಚ್ ಓರೆಯಾಗಿ ಹಿಡಿದು ಫೋಟೋ ತೆಗೀರಿ, ನೇರ ಫ್ಲಾಶ್ ಹಾಕಿದ್ರೆ ಏನೂ ಕಾಣಲ್ಲ. ನಾನು ಮೂರನೇ ಸಲಕ್ಕೆ ಓದಿದ್ದು. ಮೊದಲೆರಡು ಸಲ ಲೈಸೆನ್ಸ್ ಜೆರಾಕ್ಸ್ ಇಲ್ಲ, ಆಧಾರ್ ಇಲ್ಲ ಅಂತ ಬಾಗ್ಲಿಂದಲೇ ವಾಪಸ್ ಕಳಿಸಿದ್ರು, ಎರಡು ದಿನದ ಸಂಬಳ ಕಟ್. ಲೈಸೆನ್ಸ್ ನಿಮ್ಮ ಹೆಸರಿಗಾಗೋವರ್ಗೂ ಮನೆಗೆ ತರೋ ಯೋಚನೆ ಬೇಡ.

ಚಿಂತಾಮಣಿ ರೇಷ್ಮೆ: ಶಿರಾದೋರೆ, ಮುತ್ತಾತ ಹೋಗಿರ್ಲಿಲ್ಲ ಅಂತ ನಾನೆಲ್ಲಿ ಅಂದೆ? ಅವರ ಯುದ್ಧದ ಮೆಡಲ್ ಅಂಚಲ್ಲಿ ಹೆಸರು, ಪಲ್ಟನ್ ಎಲ್ಲಾ ಕೆತ್ತಿರುತ್ತೆ, ಅದಿದ್ದಿದ್ರೆ ಈ ಜಗಳವೇ ಇರ್ತಿರ್ಲಿಲ್ಲ. ಬೆಳ್ಳಿ ಅಂತ ದೊಡ್ಡಜ್ಜಿ ಕರಗಿಸಿ ಅತ್ತೆ ಮದ್ವೆಗೆ ಕಾಲ್ಗೆಜ್ಜೆ ಮಾಡ್ಸಿಬಿಟ್ರು.